ಭಾನುವಾರ ಬರದ ಹೊಟ್ಟೆನೋವು: ಹೋಂಸ್ಕೂಲಿಂಗೋ, ಊರಿನ ಸರ್ಕಾರಿ ಶಾಲೆಯೋ?

ಪ್ರಶ್ನೆ: ಮೇಡಂ, ನಮಸ್ಕಾರ. ಎರಡು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಸಾಗರ ತಾಲ್ಲೂಕಿನ ನಮ್ಮ ಊರಿಗೆ ಬಂದೆವು. ಯಜಮಾನರಿಗೆ ಅರ್ಧ ದಿನ ಅಡಿಕೆ ತೋಟ, ಅರ್ಧ ದಿನ ಕಂಪ್ಯೂಟರ್ ಕೆಲಸ. ನಾನು ಬಿಎಸ್ಸಿ ಓದಿದ್ದೇನೆ, ಈಗ ಮನೆಯಲ್ಲೇ ಇದ್ದೇನೆ. ಮಗಳಿಗೆ ಎಂಟು ವರ್ಷ. ಪೇಟೆಯ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸು. ಹೋಗಲು 50 ನಿಮಿಷ, ಬರಲು 50 ನಿಮಿಷ ವ್ಯಾನಿನಲ್ಲೇ ಕಳೆಯುತ್ತದೆ. ಆರು ತಿಂಗಳಿಂದ ಬೆಳಗಾದರೆ ಹೊಟ್ಟೆನೋವು ಅನ್ನುತ್ತಾಳೆ. ಭಾನುವಾರ ನೋವು ಇರುವುದಿಲ್ಲ. ಫೀಸು ಬೇರೆ ಏರಿದೆ. ಯಜಮಾನರು 'ಸ್ಕೂಲೇ ಬೇಡ, ಹೋಂಸ್ಕೂಲಿಂಗ್ ಮಾಡೋಣ' ಅನ್ನುತ್ತಿದ್ದಾರೆ. ಬೆಂಗಳೂರಿನ ಅವರ ಸ್ನೇಹಿತರು ಹಾಗೆ ಮಾಡುತ್ತಿದ್ದಾರೆ. ಮನೆಯಿಂದ ಒಂದು ಕಿಲೋಮೀಟರಿನಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. 41 ಮಕ್ಕಳು, ಮೂವರು ಶಿಕ್ಷಕರು. ಅಲ್ಲಿಗೆ ಹಾಕಿದರೆ 'ಬೆಂಗಳೂರಿನಿಂದ ಬಂದು ಸರ್ಕಾರಿ ಶಾಲೆಗಾ?' ಎಂದು ಅತ್ತೆಗೆ ಬೇಸರ. ಹೋಂಸ್ಕೂಲಿಂಗ್ ಕಾನೂನಿಗೆ ವಿರುದ್ಧವೇ? ಮುಂದೆ ಎಸ್ಸೆಸ್ಸೆಲ್ಸಿ ಹೇಗೆ? ಮಗು ಒಂಟಿಯಾಗುವುದಿಲ್ಲವೇ? ನಾಲ್ಕು ವರ್ಷದ ಮಗನೂ ಇದ್ದಾನೆ. ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಕಾನೂನು, ಪರೀಕ್ಷೆ, ಒಂಟಿತನದ ಬಗ್ಗೆ. ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆದರೆ ನಡುವೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ, 'ಭಾನುವಾರ ನೋವು ಇರುವುದಿಲ್ಲ' ಅಂತ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಹದಿನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದೆ. ಆಮೇಲೆ ಸಿಆರ್‌ಪಿಯಾಗಿ, ಅಂದರೆ ಸುತ್ತಲಿನ ಒಂದಷ್ಟು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಯಾಗಿ, ಊರೂರು ಸುತ್ತಿದೆ, ಕೊನೆಗೆ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟೆ. ಇಷ್ಟು ವರ್ಷಗಳಲ್ಲಿ ಬೆಳಗಿನ ಹೊಟ್ಟೆನೋವು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಅದು ನಾಟಕ ಅಲ್ಲ. ಭಯವಾದರೆ ಮಕ್ಕಳಿಗೆ ನಿಜವಾಗಿಯೇ ಹೊಟ್ಟೆ ನೋಯುತ್ತದೆ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಏಕೆ ಅಂತ ಹೇಳುತ್ತೇನೆ.

ನಾನು ಪಾಠ ಮಾಡುವಾಗ ನಾಲ್ಕನೇ ತರಗತಿಯ ಒಬ್ಬಳು ಹುಡುಗಿ ಮಧ್ಯಾಹ್ನವಾದರೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಗಣಿತಕ್ಕೆ ಹೆದರುತ್ತಾಳೆ ಅಂದುಕೊಂಡಿದ್ದೆ. ನಿಜ ಸಂಗತಿ ಏನೆಂದರೆ, ಶಾಲೆಯ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ಅಲ್ಲಿಗೆ ಹೋಗಬಾರದು ಅಂತ ಆ ಮಗು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಒಂದು ಚಿಲಕ ಹಾಕಿಸಿದ್ದಕ್ಕೆ ಹೊಟ್ಟೆನೋವು ಹೋಯಿತು. ಇದನ್ನು ಕಂಡುಹಿಡಿಯಲು ನನಗೆ ಮೂರು ತಿಂಗಳು ಬೇಕಾಯಿತು ಅನ್ನುವುದು ಈಗಲೂ ನಾಚಿಕೆಯ ವಿಷಯ.

ನಿಮ್ಮ ಮಗಳ ವಿಷಯದಲ್ಲಿ ಕಾರಣ ಬೇರೆ ಇರಬಹುದು. ವ್ಯಾನಿನಲ್ಲಿ ದೊಡ್ಡ ಮಕ್ಕಳು ಕಾಡಿಸುತ್ತಿರಬಹುದು. ಘಟ್ಟದ ತಿರುವಿನ ರಸ್ತೆಯಲ್ಲಿ ತಿಂಡಿ ತಿಂದ ಕೂಡಲೇ 50 ನಿಮಿಷ ಕೂತರೆ ವಾಕರಿಕೆ ಬರುತ್ತದೆ, ಅದನ್ನೇ ಅವಳು ಹೊಟ್ಟೆನೋವು ಅನ್ನುತ್ತಿರಬಹುದು. ಒಬ್ಬ ಶಿಕ್ಷಕಿಯ ದನಿಗೆ ಹೆದರಿರಬಹುದು. ಇಲ್ಲವೇ ಓದಲು ಕಷ್ಟವಾಗುತ್ತಿರಬಹುದು. ಮೂರನೇ ತರಗತಿಗೆ ಬಂದಾಗ ಪಾಠಗಳು ಉದ್ದವಾಗುತ್ತವೆ. ಅಲ್ಲಿಯವರೆಗೆ ಬಾಯಿಪಾಠದಲ್ಲಿ ದಾಟಿಬಂದ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಎರಡನೇ ತರಗತಿಯ ಪುಸ್ತಕದಿಂದ ಅವಳು ನೋಡದೇ ಇರುವ ಒಂದು ಪುಟ ಕೊಟ್ಟು ಓದಿಸಿ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಎರಡರಲ್ಲೂ ಅಕ್ಷರ ಅಕ್ಷರಕ್ಕೆ ತಡವರಿಸಿದರೆ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಮಾಡುತ್ತಾರೆ.

ಇಷ್ಟೆಲ್ಲ ಏಕೆ ಹೇಳಿದೆ ಅಂದರೆ, ಕಾರಣ ವ್ಯಾನು ಆಗಿದ್ದರೆ ಊರಿನ ಶಾಲೆಗೆ ಹಾಕಿದ ದಿನವೇ ಅದು ಮುಗಿಯುತ್ತದೆ. ಕಾರಣ ಓದಿನ ಕಷ್ಟ ಆಗಿದ್ದರೆ ಮನೆಯಲ್ಲಿ ಕೂರಿಸಿದರೂ ಅದು ಜೊತೆಗೇ ಬರುತ್ತದೆ. ಆಗ ಹೆದರಿಕೆ ಟೀಚರ ಮೇಲೆ ಹೋಗದೆ ನಿಮ್ಮ ಮೇಲೆ ಬರುತ್ತದೆ.

ಈಗ ಕಾನೂನು. 'ಹೋಂಸ್ಕೂಲಿಂಗ್ ಮಾಡಿದರೆ ಪೊಲೀಸರು ಬರುತ್ತಾರೆ' ಅನ್ನುವುದೂ ತಪ್ಪು, 'ಸರ್ಕಾರ ಪೂರ್ತಿ ಒಪ್ಪಿದೆ' ಅನ್ನುವುದೂ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಆದರೆ ಸೇರಿಸದಿದ್ದರೆ ತಂದೆತಾಯಿಗೆ ದಂಡ, ಶಿಕ್ಷೆ ಎಂದು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮನೆಯಲ್ಲೇ ಕಲಿಯುವ ಹಕ್ಕನ್ನು ಕಾಯ್ದೆ ಬಾಯಿಬಿಟ್ಟು ಹೇಳುವುದು ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಮಾತ್ರ. ಅದೂ 2012ರ ತಿದ್ದುಪಡಿಯಲ್ಲಿ ಬಂದದ್ದು. ಉಳಿದವರ ಹೋಂಸ್ಕೂಲಿಂಗ್ ಬಗ್ಗೆ ಕಾಯ್ದೆ ಸುಮ್ಮನಿದೆ. ಹಾಗಾಗಿ ಬೆಂಗಳೂರಿನಲ್ಲಿ ಬಹಳ ಮನೆಗಳು ಇದನ್ನು ನಡೆಸಿಕೊಂಡು ಹೋಗುತ್ತಿವೆ.

ನಿಮ್ಮ ಊರಿನಲ್ಲಿ ಏನಾಗುತ್ತದೆ? ಟಿಸಿ ತೆಗೆದುಕೊಂಡು ಎಲ್ಲೂ ಸೇರಿಸದಿದ್ದರೆ ಮಗುವಿನ ಸ್ಯಾಟ್ಸ್ ಸಂಖ್ಯೆ, ಅಂದರೆ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ, ಅರ್ಧಕ್ಕೇ ನಿಲ್ಲುತ್ತದೆ. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಹೆಸರು ಬರಬಹುದು. ಆಗ ಸಿಆರ್‌ಪಿ ಮನೆಗೆ ಬರುತ್ತಾರೆ. ನಾನೂ ಹೀಗೆ ಒಂದು ಮನೆಗೆ ಹೋಗಿದ್ದೆ. ಒಂಬತ್ತು ವರ್ಷದ ಹುಡುಗ ಜಗಲಿಯಲ್ಲಿ ಕೂತು ಹಳೇ ರೇಡಿಯೋ ಬಿಚ್ಚಿ ಹರಡಿಕೊಂಡಿದ್ದ. ಅವನ ಅಮ್ಮ ಎರಡು ವರ್ಷದ ನೋಟ್‌ಬುಕ್ಕು, ಚಿತ್ರ, ಓದಿದ ಪುಸ್ತಕಗಳ ಪಟ್ಟಿ ತಂದು ಮುಂದಿಟ್ಟರು. ನಾನು ಕಾಫಿ ಕುಡಿದು ವರದಿ ಬರೆದುಕೊಂಡು ಬಂದೆ. ಆ ನೋಟ್‌ಬುಕ್ಕುಗಳು ಇಲ್ಲದಿದ್ದರೆ ನನಗೂ ಬೇರೆ ದಾರಿ ಇರುತ್ತಿರಲಿಲ್ಲ. ನೀವು ಈ ದಾರಿ ಹಿಡಿದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ನೀವೇ ಒಂದು ಪತ್ರ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಅಡಗಿಕೊಂಡು ಮಾಡುವ ಕೆಲಸ ಅಲ್ಲ ಇದು.

ಇನ್ನೊಂದು ಎಚ್ಚರಿಕೆ. ಸ್ನೇಹಿತರ ಹತ್ತು ಮಕ್ಕಳನ್ನು ಒಟ್ಟು ಹಾಕಿ, ಒಬ್ಬ ಟೀಚರನ್ನು ಇಟ್ಟು, ಫೀಸು ಹಂಚಿಕೊಂಡು 'ಲರ್ನಿಂಗ್ ಸೆಂಟರ್' ಮಾಡುವ ಆಸೆ ಕೆಲವರಿಗೆ ಬರುತ್ತದೆ. ಅದನ್ನು ಮಾನ್ಯತೆ ಇಲ್ಲದ ಶಾಲೆ ಎಂದು ಪರಿಗಣಿಸಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಆಮೇಲೂ ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ತಂದೆತಾಯಿಗೆ ಇಲ್ಲದ ದಂಡ ಇಲ್ಲಿ ಇದೆ.

ಪರೀಕ್ಷೆಯ ವಿಷಯ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಓಎಸ್ ಇದೆ. 14 ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು. ಐದು ವಿಷಯ, ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಕಟ್ಟಿ ಪಾಸು ಮಾಡಬಹುದು. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ 15 ತುಂಬಿದ ಮೇಲೆ ನಮ್ಮ ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. 'ಮುಕ್ತ ಶಾಲೆಯಲ್ಲಿ ಓದಿದರೆ ಡಾಕ್ಟರ್ ಆಗಲು ಬಿಡುವುದಿಲ್ಲ' ಎಂದು ಹೆದರಿಸುವವರು ಸಿಗುತ್ತಾರೆ. ಆ ಮಾತಿಗೆ ಹಿಂದೊಮ್ಮೆ ಆಧಾರ ಇತ್ತು. ನೀಟ್‌ಗೆ ಅವರನ್ನು ಬಿಡದ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ಹೊಡೆದುಹಾಕಿತು.

ಆದರೆ ಇಲ್ಲಿ ಒಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ. ನಾನು ಬಿಡಿಸಿ ಹೇಳುತ್ತೇನೆ, ಪೆನ್ಸಿಲ್ ಹಿಡಿದುಕೊಳ್ಳಿ. ಸಿಇಟಿ ಮೂಲಕ ಎಂಜಿನಿಯರಿಂಗ್‌ನಂಥ ಸರ್ಕಾರಿ ಕೋಟಾದ ಸೀಟು ಬೇಕಾದರೆ, ಸಾಮಾನ್ಯವಾಗಿ ಬಳಕೆಯಾಗುವ ಷರತ್ತು ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಮನೆಯಲ್ಲಿ ಕಲಿತ ವರ್ಷ ಇದರಲ್ಲಿ ಸೇರುವುದಿಲ್ಲ. ನಿಮ್ಮ ಮಗಳು ಈಗಾಗಲೇ ಮೂರು ವರ್ಷ ಮುಗಿಸುತ್ತಿದ್ದಾಳೆ. ಪಿಯು ಕಾಲೇಜಿಗೆ ಹೋದರೆ ಇನ್ನೆರಡು. ಅಲ್ಲಿಗೆ ಐದು. ಇನ್ನೂ ಎರಡು ವರ್ಷ ಎಲ್ಲಾದರೂ ಶಾಲೆಯಲ್ಲಿ ಹೆಸರು ಇರಬೇಕು. ಅಂದರೆ ನಾಲ್ಕನೆಯದೂ ಐದನೆಯದೂ ಶಾಲೆಯಲ್ಲೇ ಮುಗಿಸಿ ಆಮೇಲೆ ಹೋಂಸ್ಕೂಲಿಂಗಿಗೆ ಬಂದರೂ ಆಗುತ್ತದೆ. ಇಲ್ಲವೇ ಈಗ ಕೆಲವು ವರ್ಷ ಮನೆಯಲ್ಲಿದ್ದು ಒಂಬತ್ತನೇ ತರಗತಿಗೋ ಅದಕ್ಕೂ ಮೊದಲೋ ವಾಪಸು ಹೋಗಬಹುದು. ನಿಯಮಗಳು ವರ್ಷ ವರ್ಷ ಅಲ್ಲಿ ಇಲ್ಲಿ ಬದಲಾಗುತ್ತಿರುತ್ತವೆ, ಆದರೂ ಈ ಲೆಕ್ಕ ಮನಸ್ಸಿನಲ್ಲಿರಲಿ.

ನಿಮ್ಮ ಮಗನಿಗಂತೂ ಇದು ಜಾಸ್ತಿ ಮುಖ್ಯ. ಅವನು ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದರೆ ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ ಕೇಳಬಹುದು. ಕನ್ನಡ ಮಾಧ್ಯಮವಾದರೆ ಶೇ 5ರ ಇನ್ನೊಂದು ಮೀಸಲಾತಿ. ಆದಾಯ ಮುಂತಾದ ಷರತ್ತುಗಳಿವೆ, ಆದರೂ ಬಾಗಿಲು ಇರುತ್ತದೆ. ಒಂದೇ ಒಂದು ವರ್ಷ ತಪ್ಪಿದರೂ ಅದು ಹೋಯಿತು. ಅವನಿಗೆ ಎಂಜಿನಿಯರಿಂಗ್ ಬೇಕಾಗದೇ ಇರಬಹುದು, ಅದು ಬೇರೆ ಮಾತು.

ಇನ್ನು ನಾನು ಸ್ವಲ್ಪ ನೇರವಾಗಿ ಕೇಳಬೇಕಾದ್ದು. ನಿಮ್ಮ ಯಜಮಾನರು 'ಹೋಂಸ್ಕೂಲಿಂಗ್ ಮಾಡೋಣ' ಅಂದರು. ಮಾಡುವವರು ಯಾರು? ಅವರಿಗೆ ಅರ್ಧ ದಿನ ತೋಟ, ಅರ್ಧ ದಿನ ಕಂಪ್ಯೂಟರ್. ಉಳಿದದ್ದು ನೀವು, ಅಲ್ವಾ? ಅಡುಗೆ, ನಾಲ್ಕು ವರ್ಷದ ಮಗ, ಅತ್ತೆ, ಇವುಗಳ ನಡುವೆ ಪಾಠವೂ ನಿಮ್ಮ ತಲೆಗೆ. ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಶುರುವಾಗಿ, ಅಂಗಳದಲ್ಲಿ ಅಡಿಕೆ ಸುಲಿಯುವವರು ಕೂತು, ಹತ್ತು ಜನಕ್ಕೆ ಕಾಫಿ ತಿಂಡಿ ಆಗಬೇಕಾದ ದಿನಗಳಲ್ಲಿ ಮಗಳ ಭಾಗಾಕಾರ ಯಾರು ನೋಡುತ್ತಾರೆ? ನಾನು ನೋಡಿದ ಮಟ್ಟಿಗೆ ಹೋಂಸ್ಕೂಲಿಂಗ್ ನಿಂತುಹೋದ ಮನೆಗಳಲ್ಲಿ ಮಗು ಸೋತಿದ್ದು ಕಡಿಮೆ. ಅಮ್ಮ ದಣಿದು ಕೈಬಿಟ್ಟದ್ದೇ ಜಾಸ್ತಿ. ಚೆನ್ನಾಗಿ ನಡೆದ ಮನೆಗಳಲ್ಲಿ ಅಪ್ಪನ ಪಾಲಿಗೆ ಒಂದು ಹೊತ್ತು ಕಡ್ಡಾಯವಾಗಿ ಇತ್ತು. ಬೆಳಗ್ಗೆ ಎರಡು ಗಂಟೆ ಅವರದ್ದು, ಫೋನು ಮುಟ್ಟುವ ಹಾಗಿಲ್ಲ, ಈ ಥರ. ನಿಮ್ಮ ಯಜಮಾನರ ಹತ್ತಿರ ಇದನ್ನು ವೇಳಾಪಟ್ಟಿ ಬರೆದು ಕೇಳಿ. ಅವರು ಒಪ್ಪಿದರೆ ಯೋಚಿಸಿ. 'ನೋಡೋಣ, ಆಗುತ್ತೆ' ಅಂದರೆ ನಿಮಗೆ ಉತ್ತರ ಸಿಕ್ಕಿತು.

ಹೊತ್ತಿನ ವಿಷಯಕ್ಕೆ ಮಾತ್ರ ಹೆದರಬೇಡಿ. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ದಿನಕ್ಕೆ ನಾಲ್ಕು ಗಂಟೆ, ಅದೂ ಇಡೀ ತರಗತಿಗೆ. ಎಂಟು ವರ್ಷದ ಒಂದೇ ಮಗುವಿಗೆ ಎದುರು ಕೂತು ಕಲಿಸುವುದಾದರೆ ಎರಡು ಗಂಟೆ ಸಾಕು. ಆದರೆ ಆ ಎರಡು ಗಂಟೆ ದಿನವೂ ಆಗಬೇಕು. ಉಳಿದದ್ದನ್ನು ತೋಟ, ಹೊಳೆ, ಸೊಸೈಟಿಯ ಅಡಿಕೆ ತೂಕದ ಚೀಟಿ ಕಲಿಸುತ್ತವೆ. ಇದರಲ್ಲಿ ನನಗೆ ನಿಜವಾಗಿ ನಂಬಿಕೆ ಇದೆ.

ಒಂಟಿತನ? ಬೆಂಗಳೂರಿನ ಹೋಂಸ್ಕೂಲಿಂಗ್ ಮನೆಗಳನ್ನು ನೋಡಿ ನಿಮ್ಮ ಊರಿಗೆ ಅಳೆಯಬೇಡಿ. ಅಲ್ಲಿ ವಾರಕ್ಕೆ ಮೂರು ದಿನ ಪಾರ್ಕಿನಲ್ಲಿ ಸೇರುತ್ತಾರೆ, ನಾಟಕ, ಈಜು, ಲೈಬ್ರರಿ ಎಲ್ಲ ಇರುತ್ತದೆ. ಮಲೆನಾಡಿನ ಒಂಟಿ ಮನೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವಾಗ, ತಮ್ಮನನ್ನು ಬಿಟ್ಟರೆ ಆಡಲು ಯಾರಿದ್ದಾರೆ? ಪೇಟೆಯಲ್ಲಿ 'ಹೋಂಸ್ಕೂಲಿಂಗ್ ಮಕ್ಕಳು ಬೆರೆಯುವುದಿಲ್ಲ' ಅನ್ನುವುದು ಬಹುಮಟ್ಟಿಗೆ ಸುಳ್ಳು. ನಿಮ್ಮಲ್ಲಿ ಅದು ನಿಜವಾಗಬಹುದು.

ಇನ್ನು ಊರಿನ ಶಾಲೆ. ನಾನು ಅಲ್ಲಿಂದಲೇ ಬಂದವಳು, ಅದರ ಪರ ಸ್ವಲ್ಪ ವಾಲುತ್ತೇನೆ, ಅದನ್ನು ಗಮನದಲ್ಲಿಟ್ಟು ಓದಿ.

'ಸರ್ಕಾರಿ ಶಾಲೆಯಲ್ಲಿ ಏನೂ ಕಲಿಸುವುದಿಲ್ಲ' ಎಂಬ ಮಾತು ಪೂರ್ತಿ ಸುಳ್ಳು ಅನ್ನಲಾರೆ. ಹಳ್ಳಿಯ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯಲ್ಲಿ, 2024ರಲ್ಲಿ, ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬಂದಿಲ್ಲ. ಖಾಸಗಿ ಶಾಲೆಗಳದ್ದು ಅದಕ್ಕಿಂತ ಮೇಲು, ಆದರೆ ಅಲ್ಲೂ ಓದಲಾರದ ಮಕ್ಕಳ ಪಾಲು ದೊಡ್ಡದೇ ಇದೆ. ಜೊತೆಗೆ, ಮನೆಯಲ್ಲಿ ಓದಿದವರು, ಪುಸ್ತಕ, ಎರಡು ಹೊತ್ತು ಊಟ ಇರುವ ಮಕ್ಕಳು ಯಾವ ಶಾಲೆಗೆ ಜಾಸ್ತಿ ಹೋಗುತ್ತಾರೆ ಎನ್ನುವುದೂ ಆ ಅಂಕಿಯೊಳಗೆ ಸೇರಿದೆ. ನಿಮ್ಮ ಮಗಳ ಬೆನ್ನಿಗೆ ಬಿಎಸ್ಸಿ ಓದಿದ ಅಮ್ಮ ಇದ್ದಾರೆ. ಅವಳು ಊರಿನ ಶಾಲೆಗೆ ಹೋದರೂ ಆ ಅಮ್ಮನೂ ಜೊತೆಗೇ ಇರುತ್ತಾರಲ್ಲ.

ಮೂವರು ಶಿಕ್ಷಕರು, ಏಳು ತರಗತಿ ಅಂದರೆ ಒಂದು ಕೋಣೆಯಲ್ಲಿ ಎರಡು ಮೂರು ತರಗತಿ ಕೂರುತ್ತವೆ. ಒಬ್ಬರು ತರಬೇತಿಗೆ, ಇನ್ನೊಬ್ಬರು ಚುನಾವಣೆ ಕೆಲಸಕ್ಕೆ ಹೋದರೆ ಉಳಿಯುವುದು ಒಬ್ಬರೇ. ಇದು ನಿಜವಾದ ತೊಂದರೆ, ಮುಚ್ಚಿಡುವುದಿಲ್ಲ. ಆದರೆ ಚಿಕ್ಕ ತರಗತಿಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದನ್ನು ನಮ್ಮ ರಾಜ್ಯ ಬಹಳ ಹಿಂದೆಯೇ ಕಲಿತಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿಕಲಿ ಇದೇ ತಾನೆ? ಮಗು ಕಾರ್ಡು ತೆಗೆದುಕೊಂಡು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ತಾನು ಬರೆದದ್ದನ್ನು ತಲೆಯ ಮೇಲಿನ ಕಲಿಕಾ ಚಪ್ಪರಕ್ಕೆ ನೇತುಹಾಕುತ್ತದೆ. ಯಾರೂ ಫೇಲಾಗುವುದಿಲ್ಲ, ಯಾರೂ ಯಾರಿಗೂ ಕಾಯುವುದಿಲ್ಲ. ಹೋಂಸ್ಕೂಲಿಂಗ್ ಗುಂಪುಗಳಲ್ಲಿ ದುಬಾರಿ ದುಡ್ಡು ಕೊಟ್ಟು ಕೊಳ್ಳುವ 'ಸ್ವಂತ ವೇಗದ ಕಲಿಕೆ' ಇದೇ. ಹೇಳಿದರೆ ಯಾರೂ ನಂಬುವುದಿಲ್ಲ! ನಿಮ್ಮ ಮಗಳು ನಾಲ್ಕಕ್ಕೆ ಬರುತ್ತಾಳೆ, ಅವಳಿಗೆ ಅದು ದಾಟಿಹೋಯಿತು. ಮಗನಿಗೆ ಸಿಗುತ್ತದೆ, ಶಿಕ್ಷಕರು ಮನಸ್ಸಿಟ್ಟು ಮಾಡುತ್ತಿದ್ದರೆ.

ಅದನ್ನು ಹೋಗಿ ನೋಡಿಯೇ ತಿಳಿಯಬೇಕು. ಹೇಳದೆ ಹೋಗಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಕಟ್ಟಡದ ಬಣ್ಣ ನೋಡಬೇಡಿ. ನಾಲ್ಕನೇ ತರಗತಿಯ ಯಾವುದಾದರೂ ಮಗುವಿನ ನೋಟ್‌ಬುಕ್ ಕೇಳಿ. ತಿದ್ದಿದ ಗುರುತು ಇದೆಯೇ, ತಿದ್ದಿದ ತಪ್ಪು ಮುಂದಿನ ಪುಟದಲ್ಲಿ ಸರಿಯಾಗಿದೆಯೇ? ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀವೇ ಹೋಗಿಬನ್ನಿ. ಮೂವರಲ್ಲಿ ಕಾಯಂ ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಎಂದು ಕೇಳಿ. ಬಿಸಿಯೂಟದ ಹೊತ್ತಿಗೆ ಇದ್ದು ನೋಡಿ, ಮೇಷ್ಟ್ರು ಮಕ್ಕಳ ಹೆಸರು ಹಿಡಿದು ಕರೆಯುತ್ತಾರೋ 'ಏಯ್' ಅನ್ನುತ್ತಾರೋ. ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ಮಾಧ್ಯಮ ಬದಲಾದರೆ ಮೊದಲ ಮೂರು ನಾಲ್ಕು ತಿಂಗಳು ತೊಡಕಾಗುತ್ತದೆ. ಅವಳಿಗೆ ಕೂಡುವುದು ಕಳೆಯುವುದು ಬರುತ್ತದೆ, 'ವ್ಯವಕಲನ' ಅಂದರೆ ಕಣ್ಣು ಬಿಡುತ್ತಾಳೆ. ಬೇಸಿಗೆ ರಜೆಯಲ್ಲಿ ಮೂರನೇ ತರಗತಿಯ ಕನ್ನಡ ಮಾಧ್ಯಮದ ಗಣಿತ, ಪರಿಸರ ಪುಸ್ತಕ ತಂದು ಆಟದ ಹಾಗೆ ಓದಿಸಿ, ಸಾಕು. ಇಂಗ್ಲಿಷ್ ಹೋಗಿಬಿಡುತ್ತದೆ ಎಂಬ ಭಯ ಇದ್ದರೆ, ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಆದರೆ ಅದೊಂದೇ ಸಾಲದು. ದಿನಕ್ಕೆ ಅರ್ಧ ಗಂಟೆ ಕಥೆಪುಸ್ತಕ ನೀವು ಓದಿಸಬೇಕು.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಈ ವರ್ಷದ ಉಳಿದ ದಿನಗಳಲ್ಲಿ ಹೊಟ್ಟೆನೋವಿನ ಕಾರಣ ಹುಡುಕುತ್ತಿದ್ದೆ. ಶಾಲೆ ನೋಡಿ ಒಪ್ಪಿಗೆಯಾದರೆ ಜೂನ್‌ನಲ್ಲಿ ಅಲ್ಲಿಗೆ ಸೇರಿಸಿ, ವ್ಯಾನಿನಲ್ಲಿ ಕಳೆಯುತ್ತಿದ್ದ ಒಂದು ಗಂಟೆ ನಲವತ್ತು ನಿಮಿಷವನ್ನು ಮನೆಯ ಕಲಿಕೆಗೆ ಕೊಡುತ್ತಿದ್ದೆ. ಹೋಂಸ್ಕೂಲಿಂಗಿನಲ್ಲಿ ನಿಮ್ಮ ಯಜಮಾನರಿಗೆ ಇಷ್ಟವಾದದ್ದು ಬಹುಪಾಲು ಅಲ್ಲೇ ಸಿಗುತ್ತದೆ. ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ ಎಸ್‌ಡಿಎಂಸಿಗೆ ಅವರು ನಿಲ್ಲಲಿ. ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಎಂದು ಕಾಯ್ದೆ ಹೇಳುತ್ತದೆ, ಕಂಪ್ಯೂಟರ್ ಬಲ್ಲವರು ಆ ಊರಿಗೆ ಬೇಕು. ಒಂದು ವರ್ಷ ನೋಡಿ. ಸರಿಹೋಗದಿದ್ದರೆ ಆಗ ಹೋಂಸ್ಕೂಲಿಂಗ್ ಶುರು ಮಾಡಿ. ಅದೂ ಸರಿಹೋಗದಿದ್ದರೆ ವಾಪಸು ಬರಬಹುದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು ಕಾಯ್ದೆಯ 4ನೇ ಸೆಕ್ಷನ್ ಇದೆ. ಟಿಸಿ ತಡವಾಯಿತು ಅಂತಲೂ ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ.

ಶಾಲೆ ನೋಡಿ ಮನಸ್ಸಿಗೆ ಬರದಿದ್ದರೆ? ಯಜಮಾನರು ಬೆಳಗಿನ ಎರಡು ಗಂಟೆ ಬರೆದುಕೊಟ್ಟರೆ ಹೋಂಸ್ಕೂಲಿಂಗ್ ಮಾಡಿ, ನಾನು ಬೇಡ ಅನ್ನುವುದಿಲ್ಲ. ಸಂಜೆ ಊರಿನ ಮಕ್ಕಳ ಜೊತೆ ಶಾಲೆಯ ಮೈದಾನಕ್ಕೆ ಕಳಿಸಿ. ಈಗಿನ ಶಾಲೆಯಲ್ಲೇ ಮುಂದುವರಿಸುವುದೂ ಒಂದು ದಾರಿ, ಕಾರಣ ಚಿಲಕದಂಥ ಚಿಕ್ಕದಾಗಿದ್ದರೆ.

ಅತ್ತೆಯವರ ಬೇಸರಕ್ಕೆ ನನ್ನ ಹತ್ತಿರ ಕಾನೂನಿನ ಸೆಕ್ಷನ್ ಇಲ್ಲ. ಶಾಲೆ ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅವರೇ ಓದಿದ ಶಾಲೆಯಾಗಿದ್ದರೂ ಆಶ್ಚರ್ಯವಿಲ್ಲ.

ಸದ್ಯಕ್ಕೆ ಒಂದು ಕೆಲಸ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೊಟ್ಟೆನೋವು ಬಂದ ದಿನಕ್ಕೆಲ್ಲ ಒಂದು ಚುಕ್ಕಿ ಇಡಿ. ಪಕ್ಕದಲ್ಲಿ ಆ ದಿನದ ಮೊದಲ ಪಿರಿಯಡ್ ಯಾವುದು, ವ್ಯಾನಿನಲ್ಲಿ ಎಲ್ಲಿ ಕೂತಿದ್ದಳು, ನೀರಿನ ಬಾಟಲಿ ಖಾಲಿಯಾಗಿ ಬಂತೋ ತುಂಬಿಯೇ ಬಂತೋ ಬರೆಯಿರಿ. ನಾಲ್ಕು ವಾರ ಆದ ಮೇಲೆ ಅದನ್ನು ನನಗೆ ಕಳಿಸಿ.